ಒಂದೇ ಆದರೆ ಸುಲಭ

ಜನವರಿ 12

ಪ್ರೀತಿಯ ಜೀರುಂಡೆಗೆ,

ನಿನ್ನ ಅಣ್ಣ ಇಟ್ಟ ಹೆಸರಿನಿಂದಲೇ ಕರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಅವರು ಹೋಗಿ ಎರಡು ವರ್ಷವಾಯಿತು. ಆ ಹೆಸರು ಹಿಡಿದು ನಿನ್ನನ್ನು ಕರೆಯುವವರು ಇನ್ನು ಯಾರೂ ಉಳಿದಿಲ್ಲ ಎಂದು ಮೊನ್ನೆ ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಾ ಕೂತಾಗ ಹೊಳೆಯಿತು. ಕರೆಯದೆ ಬಿಟ್ಟರೆ ಹೆಸರೂ ಸೂಜಿಯ ಹಾಗೆ ತುಕ್ಕು ಹಿಡಿಯುತ್ತದೆ.

ಇನ್ನು ಫೋನ್ ಮಾಡಬೇಡ, ಕಾಗದ ಹಾಕು. ನನ್ನ ಎಡಗಿವಿ ಪೂರ್ತಿ ಹೋಯಿತು. ಬಲಗಿವಿ ಇದೆ ಅಂದರೆ ಇದೆ, ಎದುರಿಗೆ ಕೂತು ಮುಖ ನೋಡಿ ಮಾತಾಡಿದರೆ ಅಷ್ಟಿಷ್ಟು ದಕ್ಕುತ್ತದೆ. ಗಾರ್ಮೆಂಟ್ಸಿನ ಆ ದೊಡ್ಡ ಹಾಲಿನಲ್ಲಿ ಮಿಷನ್ನುಗಳ ನಡುವೆ ಕಳೆದ ವರ್ಷಗಳು ಈಗ ತಮ್ಮ ಪಾಲು ಕೇಳುತ್ತಿವೆ. ಹೊರಗಿನ ಸದ್ದು ಹೋದ ಜಾಗಕ್ಕೆ ಒಳಗಿನಿಂದ ಒಂದು ಕೀರಲು ಸದ್ದು ಬಂದು ಕೂತಿದೆ, ನಿಲ್ಲುವುದೇ ಇಲ್ಲ. ಯಾವ ಹುಳವಿರಬಹುದು ಎಂದು ಯೋಚಿಸಿದೆ. ಜೀರುಂಡೆಯೇ. ನೀನು ಊರಿನಲ್ಲಿಲ್ಲ, ನನ್ನ ಕಿವಿಯಲ್ಲಿದ್ದೀಯೆ.

ಬಾಗಿಲ ಗಂಟೆ ಬಾರಿಸಿದರೆ ನನಗೆ ಹೇಳುವುದು ಗುಂಡಿ. ಯಾರೂ ಕಲಿಸಿದ್ದಲ್ಲ. ಓಡಿ ಬಂದು ಮಿಷನ್ನಿನ ಪೆಡಲಿನ ಮೇಲೆ, ನನ್ನ ಪಾದದ ಪಕ್ಕ, ತನ್ನ ಕಾಲಿಡುತ್ತಾಳೆ. ಬೊಗಳುತ್ತಾಳೋ ಇಲ್ಲವೋ ನನಗೆ ತಿಳಿಯದು. ಬಾಯಿ ತೆರೆದು ಮುಚ್ಚುವುದು ಕಾಣುತ್ತದೆ.

ನಿನಗೆ ನೆನಪಿದೆಯಲ್ಲ, ನಿನ್ನ ಅಣ್ಣನ ಗುಂಡಿಗೆ ದುರ್ಬಲ ಎಂದು ಡಾಕ್ಟರು ಹೇಳಿದ ವಾರವೇ ಅವರು ಇವಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. "ನನ್ನ ಗುಂಡಿಗೆ ಕೈಕೊಟ್ರೂ ನಿಂಗೊಂದು ಗುಂಡಿ ಇರ್ಲಿ. ದರ್ಜಿ ಮನೇಲಿ ಒಂದು ಗುಂಡಿ ಜಾಸ್ತಿ ಆದ್ರೆ ಯಾರು ಕೇಳ್ತಾರೆ?" ಅಂದಿದ್ದರು. ಈಗ ಅವಳಿಗೆ ಐದು ತುಂಬಿದೆ. ಒಂದು ಸಲ ಅವಳಿಂದ ಮರಿ ಮಾಡಿಸಬೇಕೆಂದು ಮನಸ್ಸಾಗಿದೆ. ಕೆಳಗಿನ ಕನ್ನಡಕದ ಅಂಗಡಿಯವರ ಹತ್ತಿರ ಇದೇ ಜಾತಿಯ ಗಂಡು ನಾಯಿ ಇದೆ, ಮೀಸೆ ಅಂತ ಕರೆಯುತ್ತಾರೆ.

ಮರಿಯಾದರೆ ಮೊದಲನೆಯದು ನಿನಗೆ. ಬೇಡ ಅನ್ನಬೇಡ.

ನಿನ್ನ ಅತ್ತಿಗೆ

&nbsp;

ಜನವರಿ 25

ಅತ್ತಿಗೆಗೆ ನಮಸ್ಕಾರ,

ನಿಮ್ಮ ಕಾಗದ ಓದಿ ವಾರ್ಡಿನಲ್ಲೇ ನಕ್ಕೆ. ನಮ್ಮ ಆಯಾ, "ಏನ್ ಸಿಸ್ಟರ್, ಲವ್ ಲೆಟರಾ?" ಅಂದಳು. "ಅತ್ತಿಗೆ ಬರ್ದಿದ್ದು" ಅಂದೆ. "ಅತ್ತಿಗೆ ಕಾಗದಕ್ಕೆ ನಗೋ ನಾದಿನೀನ ನಾನು ಇವತ್ತೇ ನೋಡಿದ್ದು" ಅಂದಳು. ಎಣ್ಣೆ ಸೀಗೆಕಾಯಿ ಅಂತ ಜಗತ್ತು ಹೇಳುತ್ತದೆ. ನಮ್ಮಿಬ್ಬರಲ್ಲಿ ಎಣ್ಣೆ ಯಾರು, ಸೀಗೆಕಾಯಿ ಯಾರು ಎಂದು ಅಣ್ಣ ಇದ್ದಿದ್ದರೆ ತೀರ್ಮಾನ ಮಾಡುತ್ತಿದ್ದ.

ಕಿವಿಯ ವಿಷಯ ನನಗೆ ಇಷ್ಟು ದಿನ ಏಕೆ ತಿಳಿಸಲಿಲ್ಲ? ಕಳೆದ ಸಲ ಫೋನಿನಲ್ಲಿ ನಾನು ಏನು ಹೇಳಿದರೂ "ಹೂಂ ಹೂಂ, ಒಳ್ಳೇದಾಯ್ತು" ಅನ್ನುತ್ತಿದ್ದಿರಿ. ನಾನು ಹೇಳಿದ್ದು ಒಳ್ಳೆಯ ವಿಷಯವಾಗಿರಲಿಲ್ಲ. ಹೋಗಲಿ, ಈಗ ಅದು ಮುಖ್ಯವಲ್ಲ.

ಮರಿ ನನಗೆ ಬೇಕು. ಖಂಡಿತ ಬೇಕು. ನಮ್ಮ ಮನೆಯ ಹಿಂದೆ ಅಂಗಳ ಇದೆಯಲ್ಲ, ಬಟ್ಟೆ ಒಣಗಿಸುವ ಕಂಬಿಯ ಕೆಳಗೆ ಮಧ್ಯಾಹ್ನದ ಬಿಸಿಲು ಚೌಕವಾಗಿ ಬೀಳುತ್ತದೆ. ಮರಿ ಅಲ್ಲಿ ಮಲಗಬಹುದು. ಗೋಡೆ ಎತ್ತರವಿದೆ, ಹಾರಿ ಹೋಗುವ ಭಯವಿಲ್ಲ.

ಕಾಗದವನ್ನು ಮನೆಗೆ ಹಾಕಬೇಡಿ, ವಾರ್ಡಿನ ವಿಳಾಸಕ್ಕೇ ಹಾಕಿ. ಮನೆಯ ಅಂಚೆಪೆಟ್ಟಿಗೆಯ ಬಾಗಿಲು ಕಿತ್ತುಹೋಗಿದೆ.

ನಿಮ್ಮ ಜೀರುಂಡೆ

&nbsp;

ಫೆಬ್ರವರಿ 22

ಪ್ರೀತಿಯ ಜೀರುಂಡೆಗೆ,

ಮದುವೆ ಮುಗಿಯಿತು. ಹತ್ತು ದಿನವಾಯಿತು. ವಧುವಿಗೆ ವರನ ಮುಖ ನೋಡಲೂ ಇಷ್ಟವಿರಲಿಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಖಾಲಿ ಫ್ರೇಮುಗಳ ಡಬ್ಬಗಳ ಮಧ್ಯೆ ಅವಳು ಗೋಡೆ ನೋಡುತ್ತಾ ಕೂತಳು. "ನಮ್ಮೋನಿಗೆ ದೃಷ್ಟಿ ಚೆನ್ನಾಗಿದೆ ಕಣಮ್ಮ, ನಿಮ್ಮೋಳಿಗೇ ಕನ್ನಡಕ ಬೇಕೇನೋ" ಎಂದು ಅಂಗಡಿಯವರು ನನ್ನ ಮುಖದ ಮುಂದೆ ಬಂದು ಹೇಳಿದರು. ಒಳ್ಳೆಯ ಮನುಷ್ಯ. ನನಗಾಗಿ ತುಟಿ ಅಗಲಿಸಿ ಮಾತಾಡುತ್ತಾರೆ.

ಅದಕ್ಕೆ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಹೆಂಗಸು, ಇನ್ನೂ ಚಿಕ್ಕ ವಯಸ್ಸು, ಕೈ ಮಾತ್ರ ಹಳಬರ ಕೈ. ಗುಂಡಿಯನ್ನು ಮೇಜಿನ ಮೇಲೆ ನಿಲ್ಲಿಸಿ ಸೊಂಟ, ಮಂಡಿ, ಹಲ್ಲು ಎಲ್ಲ ನೋಡಿದರು. ಮೊದಲು ಕೇಳಿದ್ದು ಏನು ಗೊತ್ತೇ? "ಮರಿಗಳು ಯಾರ ಮನೆಗೆ ಹೋಗ್ತಾವೆ? ಅದು ಹೇಳಿ, ಆಮೇಲೆ ಮಿಕ್ಕಿದ್ದು." ನಾನು ಎದೆಯೆತ್ತಿ, "ನನ್ನ ನಾದಿನಿ ಮನೆಗೆ. ಹಿಂದೆ ಅಂಗಳ ಇದೆ, ಗೋಡೆ ಎತ್ತರ ಇದೆ" ಅಂದೆ. ನಿನ್ನ ಕಾಗದ ಚೀಲದಲ್ಲೇ ಇತ್ತು, ಬೇಕಿದ್ದರೆ ತೋರಿಸುತ್ತಿದ್ದೆ.

ಆಮೇಲೆ ಅವರು ಇನ್ನೂ ಏನೇನೋ ಹೇಳಿದರು. ಕೈ ತೊಳೆಯುತ್ತಾ ಅತ್ತ ತಿರುಗಿ ಮಾತಾಡಿದ್ದರಿಂದ ನನಗೆ ಅರ್ಧ ಕೇಳಿಸಲಿಲ್ಲ. ಒಟ್ಟಿನಲ್ಲಿ ಜೋಪಾನ ಎಂದಂತಿತ್ತು.

ಈಗ ಅವಳನ್ನು ಮೆಟ್ಟಿಲು ಹತ್ತಲು ಬಿಡುವುದಿಲ್ಲ, ಎತ್ತಿಕೊಂಡೇ ಬರುತ್ತೇನೆ. ಮೂರನೆಯ ಮಹಡಿಗೆ ಬರುವಷ್ಟರಲ್ಲಿ ಎದೆ ಹಿಡಿದಂತಾಗಿ ನಡುವೆ ಒಮ್ಮೆ ಕೂರುತ್ತೇನೆ. ಅವಳು ಮಡಿಲಲ್ಲಿ ಕೂತು ಬೀದಿ ನೋಡುತ್ತಾಳೆ. ನಿನ್ನ ಅಣ್ಣನೂ ಅದೇ ಮೆಟ್ಟಿಲ ಮೇಲೆ ಕೂರುತ್ತಿದ್ದರು, "ಲೈಟ್ ಕಂಬ ಎಣಿಸ್ತಿದೀನಿ" ಅನ್ನುತ್ತಿದ್ದರು. ಅಲ್ಲಿಂದ ಕಾಣುವುದು ಒಂದೇ ಕಂಬ.

ನಿನ್ನ ಅತ್ತಿಗೆ

&nbsp;

ಮಾರ್ಚ್ 4

ಅತ್ತಿಗೆ,

ಎದೆ ಹಿಡಿದಂತಾಗುತ್ತದೆ ಎಂದು ಎರಡು ನಾಯಿ ಮಾತಿನ ನಡುವೆ ತುರುಕಿ ಬರೆದಿದ್ದೀರಿ. ಇದು ನನಗೆ ಹಿಡಿಸಲಿಲ್ಲ. ಅಣ್ಣನೂ ಹೀಗೆಯೇ ಕಂಬ ಎಣಿಸಿಕೊಂಡು ಕೂತ. ಹೋಗಿ ಇಸಿಜಿ ಮಾಡಿಸಿ. ನಾಯಿ ಡಾಕ್ಟರ ಹತ್ತಿರ ಅಲ್ಲ.

ವಾರ್ಡಿನಲ್ಲಿ ಕೈ ಬಿಡುವಿಲ್ಲ. ಒಂದು ಮಂಚಕ್ಕೆ ಇಬ್ಬರು. ಇಡೀ ದಿನ ಬೇರೆಯವರ ಮನೆಗೆ ಹೋಗುವ ಮಕ್ಕಳನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿ ಕೊಡುತ್ತೇನೆ. ಸಂಜೆ ಕೈಗೆ ಏನೂ ಇಲ್ಲದಿದ್ದಾಗ ವಿಚಿತ್ರವಾಗುತ್ತದೆ.

ಮರಿಗೆ ಹೆಸರು ಯೋಚಿಸುತ್ತಿದ್ದೇನೆ.

ನಿಮ್ಮ ಜೀರುಂಡೆ

&nbsp;

ಮಾರ್ಚ್ 20

ಪ್ರೀತಿಯ ಜೀರುಂಡೆಗೆ,

ಸ್ಕ್ಯಾನ್ ಆಯಿತು. ಹೊಟ್ಟೆಯ ಕೂದಲು ಬೋಳಿಸಿ ಜಿಗುಟು ಹಚ್ಚಿ ನೋಡಿದರು. ಗುಂಡಿ ನನ್ನ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು ಮಲಗಿದ್ದಳು, ಕಚ್ಚಲಿಲ್ಲ. ಕಪ್ಪು ಬಿಳುಪಿನ ಮಬ್ಬಿನಲ್ಲಿ ಒಂದು ಕಾಳು ಪಟಪಟ ಅನ್ನುತ್ತಿತ್ತು. "ಹಾರ್ಟು" ಎಂದು ಡಾಕ್ಟರು ಬೆರಳಿಟ್ಟು ತೋರಿಸಿದರು. ಸದ್ದೂ ಬರುತ್ತಿತ್ತಂತೆ. ನಾನು ಕಣ್ಣಿನಲ್ಲೇ ಕೇಳಿಸಿಕೊಂಡೆ.

ಒಂದೇ ಇದೆ. ಹುಡುಕಿ ಹುಡುಕಿ ನೋಡಿದರೂ ಒಂದೇ.

ಮೊದಲನೆಯದು ನಿನಗೆ ಅಂದಿದ್ದೆ. ಮೊದಲನೆಯದೂ ಅದೇ, ಕೊನೆಯದೂ ಅದೇ. ಗಂಡು ನಾಯಿಯವರಿಗೂ ಒಂದು ಮರಿ ಕೊಡುವುದು ರೂಢಿಯಂತೆ. ಕನ್ನಡಕದ ಅಂಗಡಿಯವರಿಗೆ ಹೇಳಿದೆ. "ಒಂದೇ ಆದ್ರೆ ನಿಮ್ಮ ನಾದಿನಿಗೇ ಇರ್ಲಿ ಬಿಡಿ, ನಂಗೆ ಮೀಸೆ ಒಬ್ಬನೇ ಸಾಕಾಗಿದಾನೆ" ಅಂದರು.

ಡಾಕ್ಟರ ಮುಖ ಮಾತ್ರ ಸರಿಯಿರಲಿಲ್ಲ. ಈ ಸಲ ನನ್ನೆದುರು ಕೂತು ಹೇಳಿದರು: "ನೋಡಿ ಅಮ್ಮಾ, ನಾಯಿಗೆ ಒಂದೇ ಮರಿ ಅಂದ್ರೆ ನಂಗಿಷ್ಟ ಇಲ್ಲ. ಹೆರಿಗೆ ಶುರು ಮಾಡು ಅಂತ ತಾಯಿ ಮೈಗೆ ಹೇಳೋದು ಮರಿಗಳು. ಒಂದೇ ಇದ್ರೆ ಆ ಮಾತು ಅವಳಿಗೆ ಕೇಳ್ಸದೇ ಹೋಗ್ಬಹುದು. ಅದು ಒಳಗೇ ಬೆಳೀತಾ ಹೋಗತ್ತೆ, ಇವಳ ಸೊಂಟ ಇಷ್ಟೇ ಇಷ್ಟು. ದಿನ ಗೊತ್ತು ಮಾಡಿ ನಾವೇ ತೆಗೆದ್ಬಿಡೋಣ."

ಕೇಳಿಸದೇ ಹೋಗುವುದು ಎಂದರೇನು ಎಂದು ನನಗೆ ಯಾರೂ ವಿವರಿಸಬೇಕಿಲ್ಲ. ಆದರೂ ಇಷ್ಟು ಚಿಕ್ಕ ಹೊಟ್ಟೆಯ ಮೇಲೆ ಕತ್ತರಿಯೇ? ಮನೆಗೆ ಬಂದು ನನ್ನ ಬಟ್ಟೆ ಕತ್ತರಿಯನ್ನು ಮಿಷನ್ನಿನ ಡ್ರಾಯರಿನೊಳಗಿಟ್ಟೆ. ಏಪ್ರಿಲ್ ಹದಿನಾಲ್ಕು ಎಂದು ಬರೆದುಕೊಂಡಿದ್ದಾರೆ. ನಾನು ಇನ್ನೂ ಹೂಂ ಅಂದಿಲ್ಲ.

ನೀನು ಎಷ್ಟು ಜೀವಗಳನ್ನು ಕೈಯಾರೆ ಭೂಮಿಗೆ ಇಳಿಸಿದವಳು. ನಿನ್ನ ಮಾತೇ ನನಗೆ ಕೊನೆ. ಏನು ಮಾಡಲಿ?

ನಿನ್ನ ಅತ್ತಿಗೆ

&nbsp;

ಮಾರ್ಚ್ 30

ಅತ್ತಿಗೆ,

ಹೆದರಬೇಡಿ. ಒಂದೇ ಆದರೆ ಸುಲಭ.

ನಮಗೆ ಇಲ್ಲಿ ಎದೆ ಡವಡವ ಅನ್ನುವುದು ಜೋಡಿ ಬಂದಾಗ. ಒಂದು ಇಳಿಯುತ್ತದೆ, ಇನ್ನೊಂದು ಅಡ್ಡ ನಿಲ್ಲುತ್ತದೆ, ಅಷ್ಟರಲ್ಲಿ ತಾಯಿ ಸುಸ್ತು. ಒಂದೇ ಇದ್ದು, ತಲೆ ಕೆಳಗಿದ್ದು, ತಾಯಿ ಗಟ್ಟಿಯಾಗಿದ್ದರೆ ನಾವು ಪಕ್ಕದಲ್ಲಿ ನಿಂತು ಬೆನ್ನು ನೀವುತ್ತೇವೆ, ಅಷ್ಟೇ. ಬರುವ ಹೊತ್ತಿಗೆ ಅದೇ ಬರುತ್ತದೆ. ಹಣ್ಣನ್ನು ಹಿಸುಕಿ ಮಾಗಿಸಬಾರದು.

ಈಗಿನ ಡಾಕ್ಟರುಗಳಿಗೆ ದಿನ ಗೊತ್ತು ಮಾಡುವ ಚಟ. ಇಲ್ಲೂ ಅದೇ ಕತೆ. ಭಾನುವಾರ ಹುಟ್ಟಬೇಡ, ರಾತ್ರಿ ಹುಟ್ಟಬೇಡ ಎಂದು ಮಕ್ಕಳಿಗೇ ಹೇಳುತ್ತಾರೆ. ಕೊಯ್ದ ಹೊಟ್ಟೆ ಹೊಟ್ಟೆಯಲ್ಲ. ಐದಾರು ದಿನ ತಡವಾದರೂ ಕಾಯಿರಿ. ಇಷ್ಟು ವರ್ಷಗಳಲ್ಲಿ ನಾನು ಕಲಿತಿದ್ದು ಒಂದೇ, ಕಾಯುವುದು.

ಇದರ ಜೊತೆ ಒಂದು ಟೋಪಿ ಕಳಿಸುತ್ತಿದ್ದೇನೆ. ದಿನ ತುಂಬದೆ ಹುಟ್ಟುವ ಮಕ್ಕಳಿಗೆಂದು ನಾವೇ ಹೆಣೆಯುತ್ತೇವೆ, ಇದು ಅದರಲ್ಲೂ ಎಲ್ಲಕ್ಕಿಂತ ಸಣ್ಣದು. ಮರಿಗೆ ಟೋಪಿಯಲ್ಲ, ಹಾಸಿಗೆಯೇ ಆದೀತು. ಅದರಲ್ಲಿ ಮಲಗಿ ಅಭ್ಯಾಸವಾದರೆ ಆಮೇಲೆ ನನ್ನ ಹತ್ತಿರ ಬಂದಾಗ ವಾಸನೆ ಹೊಸದಾಗಿರುವುದಿಲ್ಲ.

ಇಸಿಜಿ ಮಾಡಿಸಿದಿರಾ? ಆ ಪ್ರಶ್ನೆಗೆ ನೀವು ಉತ್ತರ ಬರೆಯಲಿಲ್ಲ.

ನಿಮ್ಮ ಜೀರುಂಡೆ

&nbsp;

ಏಪ್ರಿಲ್ 13

ಪ್ರೀತಿಯ ಜೀರುಂಡೆಗೆ,

ನಾಳೆಯ ದಿನ ಬೇಡವೆಂದು ಹೇಳಿ ಬಂದೆ. ಹೆರಿಗೆ ವಾರ್ಡಿನಲ್ಲಿರುವ ನನ್ನ ನಾದಿನಿ ಹೀಗಂದಳು ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟು, "ನಿಮ್ಮ ನಾದಿನಿ ಹೆರಿಗೆ ಮಾಡ್ಸೋದು ಮನುಷ್ಯರಿಗೆ, ಅಲ್ವಾ?" ಅಂದರು. ನಾನು ಕೇಳಿಸದವಳ ಹಾಗೆ ಚೀಲ ಎತ್ತಿಕೊಂಡೆ. ಕಿವಿ ಹೋದವಳಿಗೆ ಇದೊಂದು ಅನುಕೂಲ.

ಗುಂಡಿಯ ಪೆಟ್ಟಿಗೆ ಮಿಷನ್ನಿನ ಪಕ್ಕದಲ್ಲಿದೆ. ಹಳೆಯ ಕೋಟುಗಳ ಅಸ್ತರಿ ಬಿಚ್ಚಿ ಹಾಸಿದ್ದೇನೆ. ಅವಳು ನರಳಿದರೆ ನನಗೆ ತಿಳಿಯುವುದಿಲ್ಲವಾದ್ದರಿಂದ ಪೆಟ್ಟಿಗೆಯೊಳಗೆ ಒಂದು ಕೈಯಿಟ್ಟುಕೊಂಡೇ ಇರುತ್ತೇನೆ. ಒಂದೇ ಕೈಯಲ್ಲಿ ಎಷ್ಟು ಹೊಲಿಯಬಹುದೋ ಅಷ್ಟು ಹೊಲಿಯುತ್ತೇನೆ.

ನಾನು ಮಾಡಿದ್ದು ಸರಿ ತಾನೆ? ಒಂದು ಸಾಲು ಬರೆ.

ನಿನ್ನ ಅತ್ತಿಗೆ

&nbsp;

ಏಪ್ರಿಲ್ 18, ಮಧ್ಯಾಹ್ನ

ಜೀರುಂಡೆ,

ಡಾಕ್ಟರ ಹೊರಕೋಣೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ಬೆಳಿಗ್ಗೆ ಪೆಟ್ಟಿಗೆಯಲ್ಲಿಟ್ಟ ಕೈ ಒದ್ದೆಯಾಯಿತು. ನೋಡಿದರೆ ಹಸಿರು. ಕಡು ಹಸಿರು, ಬಣ್ಣ ಬಿಟ್ಟ ಬಟ್ಟೆಯ ನೀರಿನ ಹಾಗೆ. ನೋವು ಬರಲಿಲ್ಲ, ಮುಕ್ಕಲಿಲ್ಲ, ಏನೂ ಇಲ್ಲ. ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಕನ್ನಡಕದ ಅಂಗಡಿಯವರು ಅಂಗಡಿಯ ಶಟರ್ ಎಳೆದು ನಮ್ಮಿಬ್ಬರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಬಂದರು. ಡಾಕ್ಟರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇಷ್ಟು ತಡ" ಎಂದಷ್ಟೇ ಅವರ ತುಟಿ ಹೇಳಿತು.

ನಿನ್ನ ವಾರ್ಡಿಗೆ ಫೋನ್ ಮಾಡಿ ಹೇಳಿ ಎಂದು ಅಂಗಡಿಯವರನ್ನು ಕೇಳಿದೆ. ಎದುರಿನ ಬೂತಿನಿಂದ ಮಾಡಿ ಬಂದರು. ನೀನು ಹೆರಿಗೆ ಕೋಣೆಯಲ್ಲಿದ್ದೆಯಂತೆ. ಬೇರೆ ಯಾರೋ ಎತ್ತಿಕೊಂಡರಂತೆ. "ಅತ್ತಿಗೆ ಹೇಳಿದಾರೆ, ಗುಂಡಿಗೆ ಆಪರೇಷನ್, ಇವತ್ತೇ ಅಂತ ತಿಳಿಸ್ಬಿಡಿ" ಎಂದರಂತೆ. ಅಷ್ಟು ಸಾಕು, ನಿನಗೆ ತಿಳಿಯುತ್ತದೆ.

ಒಳಗಿನ ಬಾಗಿಲ ಮೇಲೆ ಗಾಜಿನ ಚೌಕವಿದೆ. ಅದಕ್ಕೆ ಒಳಗಿನಿಂದ ಕಾಗದ ಅಂಟಿಸಿದ್ದಾರೆ.

&nbsp;

ಏಪ್ರಿಲ್ 18, ಸಂಜೆ. ಬಸ್ ನಿಲ್ದಾಣ

ಅತ್ತಿಗೆ,

ಇದನ್ನು ಅಂಚೆಗೆ ಹಾಕುವುದಿಲ್ಲ. ಕೈಯಲ್ಲೇ ತರುತ್ತೇನೆ. ನೀವು ಕಣ್ಣುಬಿಟ್ಟ ಮೇಲೆ ನನ್ನ ಮಾತು ನಿಮಗೆ ಕೇಳಿಸುವುದಿಲ್ಲ, ನಾನು ಕೂಗಿ ಹೇಳುವಂಥ ಮಾತೂ ಇದಲ್ಲ. ಆದ್ದರಿಂದ ಬರೆದುಕೊಂಡು ಬರುತ್ತಿದ್ದೇನೆ.

ಆಯಾ ಚೀಟಿ ಕೊಟ್ಟಳು. "ನಿಮ್ಮ ಅತ್ತಿಗೆ. ಗುಂಡಿಗೆ ಆಪರೇಷನ್. ಇವತ್ತೇ." ನಾನು ಹೇಳಿದ್ದೆ, ಹೇಳಿದ್ದೆ. ಎದೆ ತೋರಿಸಿಕೊಳ್ಳಿ ಎಂದು ಎರಡು ಸಲ ಬರೆದೆ. ಕನ್ನಡಕದ ಅಂಗಡಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಅಣ್ಣನ ಸಲವೂ ಯಾರೂ ಎತ್ತಿರಲಿಲ್ಲ.

ಕೊನೆಯ ಕಾಗದ ಬಂದು ಎರಡು ದಿನವಾಯಿತು. ಸರಿ ತಾನೆ ಎಂದು ಕೇಳಿದ್ದಿರಿ. ಒಂದು ಸಾಲಿನ ಉತ್ತರ. ನಾಳೆ ಬರೆಯೋಣ ಎಂದು ಏಪ್ರನ್ ಜೇಬಿನಲ್ಲಿಟ್ಟುಕೊಂಡೆ.

ಈಗ ಕೇಳಿ. ನಮ್ಮ ಮನೆಯ ಹಿಂದೆ ಅಂಗಳ ಇದೆ ಎಂದು ಬರೆದಿದ್ದೆ. ಅಂಗಳ ಇದೆ, ನಮ್ಮ ಮನೆ ಇಲ್ಲ. ಆ ಮನೆ ಬಿಟ್ಟು ಒಂದು ವರ್ಷದ ಮೇಲಾಯಿತು. ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ, ಜಗಳವೂ ಆಗಲಿಲ್ಲ. ನಮ್ಮ ಯಜಮಾನರಿಗೂ ನನಗೂ ಮಾತು ನಿಂತು ಬಹಳ ಕಾಲವಾಗಿತ್ತು. ಒಂದು ಸಂಜೆ ಡ್ಯೂಟಿ ಮುಗಿಸಿ ಬಸ್ಸು ಹತ್ತುವ ಬದಲು ನರ್ಸುಗಳ ಹಾಸ್ಟೆಲಿನ ಕಡೆ ನಡೆದುಬಿಟ್ಟೆ. ಮರುದಿನ ಅವರು ಬಂದು ನನ್ನ ಕೊಡೆ ಕೊಟ್ಟು ಹೋದರು. ಮನೆಯಲ್ಲಿ ಮರೆತಿದ್ದೆ ಎಂದುಕೊಂಡಿದ್ದರೋ ಏನೋ. ಜನವರಿಯ ನಿಮ್ಮ ಕಾಗದವನ್ನೂ ಹಾಗೆಯೇ ವಾರ್ಡಿಗೆ ತಂದುಕೊಟ್ಟರು.

ಅವತ್ತು ಫೋನಿನಲ್ಲಿ ಇದನ್ನೇ ಹೇಳಿದ್ದೆ. ನೀವು "ಒಳ್ಳೇದಾಯ್ತು" ಅಂದಿರಿ. ನನಗೆ ಸಿಟ್ಟು ಬಂತು. ನಿಮ್ಮ ಕಿವಿಯ ವಿಷಯ ತಿಳಿದ ಮೇಲೆ ಮತ್ತೆ ಹೇಳಲು ಬಾಯಿ ಬರಲಿಲ್ಲ. ಮೊದಲನೆಯದು ನಿನಗೆ ಎಂದು ನೀವು ಬರೆದಾಗ ಯಾರಿಗೋ ನಾನು ಇನ್ನೂ ಮನೆಯಿರುವವಳು ಎಂದು ಅನ್ನಿಸುತ್ತಿದೆಯಲ್ಲ ಎಂದು ಖುಷಿಯಾಯಿತು. ಆ ಖುಷಿಗೆ ಅಂಗಳದ ಬಿಸಿಲನ್ನು ಬರೆದೆ. ಹಾಸ್ಟೆಲಿನಲ್ಲಿ ನಾಯಿ ಸಾಕುವಂತಿಲ್ಲ. ನನ್ನ ಕೋಣೆಯಲ್ಲಿ ಎರಡು ಮಂಚ, ಒಂದು ಕಿಟಕಿ. ಕಿಟಕಿ ಇನ್ನೊಬ್ಬಳ ಮಂಚದ ಕಡೆಗಿದೆ.

ಮರಿಯನ್ನು ತಂದು ಎಲ್ಲಿಡುತ್ತಿದ್ದೆನೋ ನನಗೇ ಗೊತ್ತಿಲ್ಲ. ನನಗಾಗಿ ಗುಂಡಿಯ ಹೊಟ್ಟೆಯಲ್ಲಿ ಒಂದು ಜೀವ ಬೆಳೆಯುತ್ತಿದೆ, ಅದಕ್ಕೆ ಬೇಕಾದ ಜಾಗ ಮಾತ್ರ ನನ್ನ ಹತ್ತಿರ ಇಲ್ಲ. ಇಷ್ಟೇ.

ಬಸ್ಸು ಬಂತು. ನಿಮಗೆ ಏನೂ ಆಗಬಾರದು. ಅತ್ತಿಗೆ ಎಂದು ಕರೆಯಲು ನನಗೆ ಇರುವುದೂ ಒಬ್ಬರೇ.

&nbsp;

ಮೇ 2

ಪ್ರೀತಿಯ ಜೀರುಂಡೆಗೆ,

ನೀನು ಸುಖವಾಗಿ ತಲುಪಿದ್ದೀಯೆ ಎಂದುಕೊಂಡಿದ್ದೇನೆ. ಬಸ್ಸಿನ ಕಿಟಕಿಯಿಂದ ಕೈ ಬೀಸಿದೆಯಲ್ಲ, ಆ ಕೈ ಮಡಿಸಿಕೊಂಡು ಒಳಗೆ ಹೋಗುವವರೆಗೂ ನಿಂತಿದ್ದೆ. ನಿಲ್ದಾಣದಲ್ಲಿ ಬರೆದು ನೀನು ಕೈಯಲ್ಲೇ ತಂದ ಕಾಗದವನ್ನು ಎರಡು ಸಲ ಓದಿದೆ.

ನೀನು ದೊಡ್ಡಾಸ್ಪತ್ರೆಯ ಹೃದಯದ ವಿಭಾಗದಲ್ಲಿ ಮಂಚ ಮಂಚ ಹುಡುಕಿದ್ದನ್ನು ಕನ್ನಡಕದ ಅಂಗಡಿಯವರಿಗೆ ಹೇಳಿದೆ. ಅವರು ನಗಲಿಲ್ಲ. "ನಂದೇ ತಪ್ಪು. ನಾಯಿ ಅನ್ನೋ ಎರಡಕ್ಷರ ಸೇರಿಸ್ಬೇಕಿತ್ತು" ಎಂದು ಆ ದಿನದಿಂದ ನನ್ನ ಮುಖ ನೋಡುವುದಿಲ್ಲ. ಅವರು ನನ್ನ ಮುಖ ನೋಡದಿದ್ದರೆ ನನಗೆ ಅವರ ಮಾತೂ ಕೇಳುವುದಿಲ್ಲ. ತಪ್ಪು ನಿನ್ನ ಅಣ್ಣನದು ಎಂದು ಸಮಾಧಾನ ಹೇಳಿದೆ. ಯಾವ ಗಂಡಸು ಎದೆಯ ಕಾಯಿಲೆಯನ್ನು ನಾಯಿಯ ಹೆಸರು ಮಾಡುತ್ತಾನೆ?

ನನಗೆ ಮರೆಯಲಾಗದ್ದು ಬೇರೆ. ನೀನು ಅಲ್ಲಿಂದ ಮನೆಗೆ ಬಂದು ಗಂಟೆ ಒತ್ತಿದೆ. ಒತ್ತುತ್ತಲೇ ಇದ್ದೆ. ಒಳಗೆ ನಾವಿಬ್ಬರೂ ಇದ್ದೆವು. ನಾನು ನೆಲದ ಮೇಲೆ, ಗುಂಡಿ ಪೆಟ್ಟಿಗೆಯಲ್ಲಿ. ಗಂಟೆ ಅವಳಿಗೆ ಕೇಳಿಸಿತ್ತು, ಕಿವಿ ಒಮ್ಮೆ ನಿಮಿರಿದ್ದು ನನಗೆ ಕಂಡಿತ್ತು. ಆದರೆ ಏಳಲಿಲ್ಲ. ಹೊಲಿಗೆ ನೋಯುತ್ತಿದೆ ಎಂದುಕೊಂಡೆ. ಒದ್ದೆ ಬಟ್ಟೆ ಹೊರಗೆ ಹಾಕಲು ಬಾಗಿಲು ತೆಗೆದಾಗ ನೀನು ಮೆಟ್ಟಿಲ ಮೇಲೆ, ನಿನ್ನ ಅಣ್ಣ ಕೂರುತ್ತಿದ್ದ ಜಾಗದಲ್ಲೇ, ಕೂತಿದ್ದೆ. ತಿರುಗಿ ನನ್ನನ್ನು ನೋಡಿದ ನಿನ್ನ ಮುಖ ಹಾಗೇ ನಿಂತಿದೆ. ಸತ್ತವಳು ಬಾಗಿಲು ತೆಗೆದರೆ ಹಾಗೆಯೇ ನೋಡುತ್ತಾರೆ.

ಮರಿಯ ವಿಷಯ ನೀನಿದ್ದ ನಾಲ್ಕು ದಿನವೂ ನಾವು ಮಾತಾಡಲಿಲ್ಲ. ನೀನು ಅವಳ ಕೆಚ್ಚಲಿಗೆ ತಣ್ಣೀರಿನ ಬಟ್ಟೆ ಇಡುತ್ತಾ, "ಹಿಂಡ್ಬೇಡಿ ಅತ್ತಿಗೆ, ಹಿಂಡಿದಷ್ಟೂ ಬರತ್ತೆ" ಎಂದು ನನಗೆ ತಿಳಿಯುವ ಹಾಗೆ ಹೇಳಿದೆ. ಅದು ಮಾತ್ರ. ಈಗ ಬರೆಯುತ್ತೇನೆ. ಹೆಣ್ಣು ಮರಿ. ನನ್ನ ಅಂಗೈ ತುಂಬ ಇತ್ತು, ಆ ಹೊಟ್ಟೆಗೆ ಬಹಳ ದೊಡ್ಡದು. ಡಾಕ್ಟರು ಬಹಳ ಹೊತ್ತು ಉಜ್ಜಿದರಂತೆ, ಉಸಿರು ಬರಲಿಲ್ಲ. ಮೂತಿ ಸ್ವಲ್ಪ ಮೀಸೆಯ ಹಾಗಿತ್ತು.

ನಿನ್ನ ಮಾತಿನಿಂದ ಹೀಗಾಯಿತು ಎಂದು ನೀನು ಅಂದುಕೊಂಡಿದ್ದೀಯೆ, ನನಗೆ ಗೊತ್ತು. ಮೊದಲ ಸಲ ಡಾಕ್ಟರು ಕೈ ತೊಳೆಯುತ್ತಾ ಹೇಳಿದ್ದು ಅರ್ಧ ಕೇಳಿಸಲಿಲ್ಲ ಎಂದು ಬರೆದಿದ್ದೆನಲ್ಲ. ಪೂರ್ತಿ ಕೇಳಿಸಿತ್ತು. ಕೈ ಒರೆಸಿಕೊಂಡು ಬಂದು ನನ್ನೆದುರು ಮತ್ತೊಮ್ಮೆ ಹೇಳಿದ್ದರು. ಐದು ವರ್ಷಕ್ಕೆ ಚೊಚ್ಚಲು ತಡವಾಯಿತು, ಸೊಂಟ ಕಿರಿದು, ಮೀಸೆ ಇವಳಿಗಿಂತ ದಪ್ಪ. ಅವಳು ಮೆಟ್ಟಿಲ ಮೇಲೆ ಒಂದು ಕಾಲೆತ್ತಿ ಕುಂಟಾಬಿಲ್ಲೆ ಆಡುತ್ತಾಳೆ ಎಂದು ನಿನ್ನ ಅಣ್ಣ ಮುದ್ದು ಮಾಡುತ್ತಿದ್ದರಲ್ಲ, ಅದು ಆಟವಲ್ಲ, ಮಂಡಿಯ ಚಿಪ್ಪು ಜಾರುವುದು. ಮರಿಗೂ ಅದೇ ಬರಬಹುದು. "ಬೇಡ ಅಂತಾನೇ ನಾನು ಹೇಳೋದು. ಮಾಡಿಸ್ಲೇಬೇಕು ಅಂದ್ರೆ ಯಾಕೆ ಅಂತ ನೀವೇ ಕೇಳ್ಕೊಳ್ಳಿ" ಅಂದಿದ್ದರು.

ಯಾಕೆ ಎಂದರೆ, ನಾದಿನಿ ಎಂಬ ಸಂಬಂಧ ಗಂಡನಿಂದ ಬರುತ್ತದೆ. ಗಂಡ ಹೋದ ಮೇಲೆ ಅದು ಯಾವುದರ ಮೇಲೆ ನಿಂತಿರುತ್ತದೆ? ವರ್ಷಕ್ಕೆ ಎರಡು ಫೋನು, ಅದೂ ಕೇಳುವುದಿಲ್ಲ. ಗುಂಡಿಯ ಮರಿಯೊಂದು ನಿನ್ನ ಮನೆಯಲ್ಲಿದ್ದರೆ ಮರಿ ಹೇಗಿದೆ, ಉಂಡಿತೇ, ಹಲ್ಲು ಬಂತೇ ಎಂದು ಕೇಳಲು ನನಗೊಂದು ನೆಪವಿರುತ್ತಿತ್ತು. ಒಂದು ನೆಪಕ್ಕೆ ಒಂದು ಜೀವವನ್ನು ಪಣಕ್ಕಿಟ್ಟೆ. ತಾಯಿ, ಮರಿ ಇಬ್ಬರನ್ನೂ ಕಳೆದುಕೊಳ್ಳುತ್ತಿದ್ದೆ. ಅವಳಿಗೆ ಇನ್ನು ಬಸಿರಾಗದಂತೆ ಅವತ್ತೇ ಮಾಡಿಸಿದ್ದೇನೆ. ನಾನು ಕೇಳಿಯೇ ಮಾಡಿಸಿದೆ.

ಈಗ ನಮ್ಮಿಬ್ಬರ ನಡುವೆ ಮರಿಯಿಲ್ಲ. ಆದರೂ ನಾಲ್ಕನೆಯ ಹಾಳೆ ಬರೆಯುತ್ತಿದ್ದೇನೆ.

ಗುಂಡಿ ನಿನ್ನ ಟೋಪಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು ಮಲಗುತ್ತಾಳೆ. ನೆಕ್ಕಿ ನೆಕ್ಕಿ ಉಣ್ಣೆ ಗಟ್ಟಿಯಾಗಿದೆ. ಒಗೆಯಲು ತೆಗೆದರೆ ಕೋಣೆ ಕೋಣೆ ಹುಡುಕುತ್ತಾಳೆ. ಹೊಲಿಗೆ ಮಾಗಿದೆ, ತಿನ್ನುತ್ತಾಳೆ, ಓಡಾಡುತ್ತಾಳೆ. ಆದರೆ ಗಂಟೆ ಬಾರಿಸಿದರೆ ನನಗೆ ಹೇಳುವುದಿಲ್ಲ. ಟೋಪಿ ಬಿಟ್ಟು ಏಳುವುದಿಲ್ಲ. ಬಟ್ಟೆ ತರುವವರು ಕಾದು ಕಾದು ಹಿಂದೆ ಹೋಗುತ್ತಾರೆ.

ಆದ್ದರಿಂದ ಬೀಗಕ್ಕೆ ಇನ್ನೊಂದು ಕೀಲಿ ಮಾಡಿಸಿದ್ದೇನೆ. ಇದರೊಳಗಿದೆ. ಅಂಚೆಯಲ್ಲಿ ಹರಿದು ಬೀಳದಿರಲಿ ಎಂದು ದಪ್ಪ ಬಟ್ಟೆಯೊಳಗಿಟ್ಟು ನಾಲ್ಕು ಕಡೆಯೂ ಹೊಲಿದಿದ್ದೇನೆ. ನೀನು ಮತ್ತೆ ಮೆಟ್ಟಿಲ ಮೇಲೆ ಕೂರಬಾರದು. ಬೇರೆ ಅರ್ಥ ಏನೂ ಇಲ್ಲ. ಇದ್ದರೂ ಇರಲಿ.

ಹೊರಡುವ ದಿನ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಅತ್ತ ತಿರುಗಿ ಏನೋ ಹೇಳಿದೆ. ನಾನು ತಲೆಯಾಡಿಸಿದೆ. ನಿಜವಾಗಿ ಕೇಳಿಸಲಿಲ್ಲ, ಈ ಸಲ ಸುಳ್ಳಲ್ಲ. ಏನೆಂದು ಬರೆ.

ನಿನ್ನ ಅತ್ತಿಗೆ

&nbsp;

ಮೇ 16

ಅತ್ತಿಗೆ,

ನಾನು ಹೇಳಿದ್ದು, "ನಾನು ಇಲ್ಲೇ ಇರ್ಲಾ?" ಎಂದು. ನಿಮ್ಮ ಕಡೆ ತಿರುಗಿ ಕೇಳುವ ಧೈರ್ಯವಿರಲಿಲ್ಲ. ನೀವು ತಲೆಯಾಡಿಸಿದಿರಿ. ಅಡ್ಡಡ್ಡ ಆಡಿಸಿದಿರೋ ಉದ್ದುದ್ದ ಆಡಿಸಿದಿರೋ ನೋಡಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಾ ಬಂದೆ.

ಬರುತ್ತೇನೆ ಎಂದು ಇದರಲ್ಲಿ ಬರೆಯಲಾರೆ. ವರ್ಗಾವಣೆ ಕೇಳಿದ್ದೇನೆ, ಸದ್ಯಕ್ಕೆ ಆಗುವ ಹಾಗೆ ಕಾಣುವುದಿಲ್ಲ. ಮೇಟ್ರನ್, "ಅತ್ತಿಗೆ ಇದಾರೆ ಅಂತ ವರ್ಗ ಕೇಳೋರು ನೀವೊಬ್ಬರೇ" ಅಂದರು. ಮಾತು ಕೊಟ್ಟು ಜೀವ ಹುಟ್ಟಿಸಿದ್ದು ನೀವು, ಇಲ್ಲದ ಅಂಗಳದಲ್ಲಿ ಅದನ್ನು ಮಲಗಿಸಿದ್ದು ನಾನು. ಮೊದಲೇ ಕೊಟ್ಟ ಮಾತು ನಮ್ಮ ಮನೆಗೆ ಅಷ್ಟು ಸಾಕು. ವರ್ಗ ಆದ ಮೇಲೆ ಬರೆಯುತ್ತೇನೆ.

ನೆನ್ನೆ ವಾರ್ಡಿನಲ್ಲಿ ಒಬ್ಬಾಕೆ, "ಒಂದೇ ಇದೆ ತಾನೇ ಸಿಸ್ಟರ್, ಸುಲಭ ಅಲ್ವಾ?" ಎಂದು ಕೇಳಿದಳು. ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡೆ. "ನೋಡ್ತಾ ಇರೋಣಮ್ಮ, ನಾನಿಲ್ಲೇ ಇರ್ತೀನಿ" ಅಂದೆ.

ಟೋಪಿ ತೆಗೆಯಬೇಡಿ. ಅವಳಾಗಿ ಬಿಡಲಿ. ಇಸಿಜಿ ಮಾಡಿಸಿ.

ಕೀಲಿ ಬಂತು. ಹೊಲಿಗೆ ಇನ್ನೂ ಬಿಚ್ಚಿಲ್ಲ. ನಿಮ್ಮ ಹೊಲಿಗೆ ಬಿಚ್ಚುವುದು ಅಷ್ಟು ಸುಲಭವೂ ಅಲ್ಲ. ದಿಂಬಿನ ಕೆಳಗಿದೆ. ಮಲಗುವ ಮೊದಲು, ಬಸುರಿಯ ಹೊಟ್ಟೆಯ ಮೇಲೆ ತಲೆ ಎಲ್ಲಿದೆ, ಬೆನ್ನು ಎಲ್ಲಿದೆ ಎಂದು ನೋಡುವ ಹಾಗೆ ಬಟ್ಟೆಯ ಮೇಲಿನಿಂದಲೇ ಬೆರಳು ಆಡಿಸುತ್ತೇನೆ. ದುಂಡಗಿನ ತಲೆ ಸಿಗುತ್ತದೆ, ಆಮೇಲೆ ಹಲ್ಲುಗಳು.

ಒಂದೇ ಇದೆ. ಸುಲಭ ಎಂದು ಈ ಸಲ ನಾನು ಹೇಳುವುದಿಲ್ಲ.

ನಿಮ್ಮ ಜೀರುಂಡೆ